ಸಪಾಟ ದಾರಿಯ ಓಟ

ಏರಿಳಿವಿಲ್ಲದ ದಾರಿಗೆ ನಮ್ಮ ಎರಡೂ ಮಾತುಗಳಲ್ಲಿ ಸಪಾಟ ಎಂದೇ ಹೆಸರು. ಅಂಥಲ್ಲಿ ಓಡುವುದು ಹಗುರವೆಂದು ತಿಳಿಯುತ್ತೇವೆ. ಎರೆಹೊಲದ ನಡುವಿನ ರಸ್ತೆಯಲ್ಲಿ ನಾಲ್ಕು ಮೈಲಿ ಓಡಿದವರು ಹಾಗೆನ್ನಲಾರರು. ಇಳಿಜಾರು ಬಂದು ಕಾಲಿಗೆ ಬಿಡುವು ಸಿಗುವುದಿಲ್ಲ. ಅದೇ ಮೀನಖಂಡ ಕೊನೆಯವರೆಗೂ ದುಡಿಯಬೇಕು.

1920ರ ಆಗಸ್ಟ್ 22ರಂದು ಬೆಲ್ಜಿಯಂ ದೇಶದ ಆಂಟ್‌ವರ್ಪ್ ಪಟ್ಟಣದ ಒಲಿಂಪಿಕ್ಸ್‌ನಲ್ಲಿ ಬೆಳಗಾವಿ ಸೀಮೆಯ ಫಡೆಪ್ಪ ದರೆಪ್ಪ ಚೌಗುಲೆ ಓಡಿದ್ದು ಇಂಥ ದಾರಿಯಲ್ಲೇ. ಹೆಸರಿನಲ್ಲಿ ಕನ್ನಡದ 'ಅಪ್ಪ', ಅಡ್ಡಹೆಸರು ಮರಾಠಿಯವರಲ್ಲೂ ಉಂಟು. ಬೆಲ್ಜಿಯಂ ಕೂಡ ಫ್ಲೆಮಿಷ್, ಫ್ರೆಂಚ್ ಎಂದು ಒಂದಕ್ಕಿಂತ ಹೆಚ್ಚು ಮಾತಿನ ನಾಡು! ಆಗ ಬೆಳಗಾವಿ ಮುಂಬಯಿ ಪ್ರಾಂತದಲ್ಲಿತ್ತು. ನಮ್ಮ ನಿಲಂಗಾ, ಉದಗೀರ ನಿಜಾಮರ ಬೀದರ ಜಿಲ್ಲೆಯಲ್ಲಿದ್ದವು. ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ಹಳ್ಳಿ ಹುಡುಗರ ಓಟ ಕಂಡ ದೊರಾಬ್ಜಿ ಟಾಟಾ ಅವರು ಮುಂದಾದ್ದರಿಂದ ತಂಡ ಹೊರಟಿತು.

ಆ ದಿನ ಅಲ್ಲಿ ಮಳೆ, ಚಳಿ. ಮ್ಯಾರಥಾನ್ ಎಂದರೆ ಈಗ 42.195 ಕಿಲೋಮೀಟರ್, ಆ ಸಲ ಓಡಿಸಿದ್ದು 42.75. ಅರ್ಧ ಕಿಲೋಮೀಟರಿಗೂ ಹೆಚ್ಚು! ದಣಿದ ಕಾಲಿಗೆ ಅದು ಸಣ್ಣ ಮಾತಲ್ಲ. ಜೊತೆಗೆ ಓಡಿದ ಸದಾಶಿವ ದಾತಾರ ಗುರಿ ಮುಟ್ಟಲಿಲ್ಲ. ಫಿನ್‌ಲ್ಯಾಂಡಿನ ಹಾನೆಸ್ ಕೊಲೆಮೈನೆನ್ 2 ಗಂಟೆ 32 ನಿಮಿಷದಲ್ಲಿ ಗೆದ್ದರು. ಅವರು ಮುಟ್ಟಿ 18 ನಿಮಿಷವಾದ ಮೇಲೆ ಚೌಗುಲೆ ಬಂದರು, ಹತ್ತೊಂಬತ್ತನೆಯ ಸ್ಥಾನ. ಸೋಲೆನ್ನುವವರು ಎನ್ನಲಿ. ಒಲಿಂಪಿಕ್ ಮ್ಯಾರಥಾನನ್ನು ಭಾರತದಿಂದ ಹೋಗಿ ಪೂರ್ತಿ ಓಡಿದ ಮೊದಲಿಗರು ಈ ಬೆಳಗಾವಿ ಸೀಮೆಯವರು.