ಎಲ್ಲಮ್ಮನ ಗುಡ್ಡದ ಇತಿಹಾಸ: ಅವ್ವ ಕೇಳದ ಹರಕೆ

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಕಡೆಯ ರಸ್ತೆಗಳೇ ಬದಲಾಗುತ್ತವೆ. ಎತ್ತಿನ ಕೊರಳಿಗೆ ಗೆಜ್ಜೆಸರ, ಚಕ್ಕಡಿಯ ಮೇಲೆ ತಾಡಪತ್ರಿ, ಒಳಗೆ ರೊಟ್ಟಿ ಬುತ್ತಿ, ಒಲೆ ಹಚ್ಚಲು ಕಟ್ಟಿಗೆ. ಈಗ ಚಕ್ಕಡಿಗಿಂತ ಟ್ರ್ಯಾಕ್ಟರ್, ಟೆಂಪೊ ಹೆಚ್ಚು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳೂ ಹೆಚ್ಚಾಗಿದ್ದಾರೆ. ವಾಹನ ಯಾವುದಾದರೇನು, ಗುಡ್ಡ ಕಣ್ಣಿಗೆ ಬಿದ್ದ ಕೂಡಲೇ ಬರುವ ಕೂಗು ಒಂದೇ: ಉಧೋ ಉಧೋ!

ಬೆಳಗಾವಿ ಜಿಲ್ಲೆಯ ಸವದತ್ತಿಯಿಂದ ಸುಮಾರು 5 ಕಿಲೋಮೀಟರ್ ದೂರದ ಈ ಗುಡ್ಡಕ್ಕೆ ನಮ್ಮಲ್ಲಿ ಹೋಗದವರು ಕಡಿಮೆ. ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ ಅಷ್ಟೇ ಅಲ್ಲ, ಕೊಲ್ಲಾಪುರ, ಸಾಂಗ್ಲಿ, ಸೊಲ್ಲಾಪುರದ ಕಡೆಯ ಮರಾಠಿ ಮಂದಿಗೂ ಎಲ್ಲಮ್ಮ ಮನೆದೇವ್ರು. ಆದರೆ ಈ ಗುಡ್ಡ ಎಷ್ಟು ಹಳೆಯದು, ಇದರ ಸುತ್ತ ಯಾರು ಆಳಿದರು, ಇಲ್ಲಿಯ ಆಚರಣೆಗಳು ಎಲ್ಲಿಂದ ಬಂದವು ಅಂತ ಕೇಳಿದರೆ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಅದರಲ್ಲಿ ಹೆಮ್ಮೆ ಪಡುವ ಸಂಗತಿಯೂ ಇದೆ, ತಲೆ ತಗ್ಗಿಸುವ ಸಂಗತಿಯೂ ಇದೆ. ಎರಡನ್ನೂ ಹೇಳಬೇಕು.

ಸುಗಂಧವರ್ತಿ ಸವದತ್ತಿಯಾದದ್ದು

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ಸಾವಿರ ವರ್ಷಗಳ ಹಿಂದೆ ಇದು ರಟ್ಟರ ರಾಜಧಾನಿ. ರಟ್ಟರು ಸ್ವತಂತ್ರ ಚಕ್ರವರ್ತಿಗಳಲ್ಲ. ಮೊದಲು ರಾಷ್ಟ್ರಕೂಟರ, ಆಮೇಲೆ ಕಲ್ಯಾಣದ ಚಾಲುಕ್ಯರ ಕೈಕೆಳಗೆ ಆಳಿದವರು. ಅವರ ನಾಡಿಗೆ ಕೂಂಡಿ ಮೂರು ಸಾವಿರ ಎಂಬ ಹೆಸರಿತ್ತು. ಇಂದಿನ ಬೆಳಗಾವಿ ಜಿಲ್ಲೆಯ ದೊಡ್ಡ ಭಾಗ ಅದರಲ್ಲಿ ಬರುತ್ತಿತ್ತು.

ರಟ್ಟರು ಜೈನ ಬಸದಿಗಳಿಗೆ ಧಾರಾಳವಾಗಿ ದಾನ ಕೊಟ್ಟವರು. ಸವದತ್ತಿಯಲ್ಲಿ ಸಿಕ್ಕ 980ರ ಶಾಸನ ಬಸದಿಗೆ ಕೊಟ್ಟ ಭೂಮಿಯ ಲೆಕ್ಕ ಹೇಳುತ್ತದೆ. ಮುಂದೆ 13ನೇ ಶತಮಾನದ ಆರಂಭದಲ್ಲಿ ಅವರು ರಾಜಧಾನಿಯನ್ನು ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ ಒಯ್ದರು. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನು 1204ರಲ್ಲಿ ಕಟ್ಟಿಸಿದ್ದು ರಟ್ಟ ಅರಸ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜ. ಕೆಲವೇ ದಶಕಗಳಲ್ಲಿ ದೇವಗಿರಿಯ ಸೇವುಣರು ಬಂದರು, ರಟ್ಟರ ಆಳ್ವಿಕೆ ಮುಗಿಯಿತು. ಈ ಶಾಸನಗಳನ್ನೆಲ್ಲ ಓದಿ ಮೊದಲು ಅಚ್ಚು ಹಾಕಿಸಿದವರು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್.

ಇಲ್ಲೊಂದು ಕುತೂಹಲದ ಸಂಗತಿ ಇದೆ. ರಟ್ಟರಲ್ಲಿ ಕಾರ್ತವೀರ್ಯ ಎಂಬ ಹೆಸರಿನ ನಾಲ್ಕು ಅರಸರು ಆಗಿಹೋದರು. ಎಲ್ಲಮ್ಮನ ಕತೆಯಲ್ಲಿ ಆಕೆಯ ಗಂಡ ಜಮದಗ್ನಿಯನ್ನು ಕೊಲ್ಲಿಸಿದ ರಾಜನ ಹೆಸರೂ ಕಾರ್ತವೀರ್ಯಾರ್ಜುನ. ಎರಡೂ ಒಂದೇ ನೆಲದ ಕತೆಗಳಾದ್ದರಿಂದ ಕೇಳಿದವರಿಗೆ ಗೊಂದಲವಾಗುವುದು ಸಹಜ. ಆದರೆ ಪುರಾಣದ ಕಾರ್ತವೀರ್ಯ ಬೇರೆ, ಶಾಸನದ ಕಾರ್ತವೀರ್ಯ ಬೇರೆ. ಹೆಸರು ಒಂದೇ ಇದ್ದ ಮಾತ್ರಕ್ಕೆ ಎರಡನ್ನೂ ಗಂಟು ಹಾಕಲು ಬರುವುದಿಲ್ಲ.

ಗುಡಿ ಕಟ್ಟಿದ್ದು ಯಾರು?

ಈಗ ನಾವು ನೋಡುವ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದ ಅಂತ ಹೇಳಿಕೆ ಇದೆ. ಆ ಕಾಲಕ್ಕೆ ಹಂಪಿಯಲ್ಲಿ ಕೃಷ್ಣದೇವರಾಯ ಆಳುತ್ತಿದ್ದ, ವಿಜಯಪುರದಲ್ಲಿ ಆದಿಲ್‌ಶಾಹಿಗಳು. ಎರಡು ದೊಡ್ಡ ರಾಜ್ಯಗಳ ನಡುವಿನ ನಾಡು ಇದು. ಆದರೂ ಭಕ್ತರು ಈ ಗುಡ್ಡ ಬಿಡಲಿಲ್ಲ.

ಮುಂದೆ ಮರಾಠರು ಬಂದರು. ಗುಡ್ಡದ ಸಾಲಿನಲ್ಲೇ ಇರುವ ಪರಸಗಡ ಕೋಟೆಯನ್ನು ಜನ ಶಿವಾಜಿಯ ಹೆಸರಿನೊಂದಿಗೆ ನೆನೆಯುತ್ತಾರೆ. ಸವದತ್ತಿ ತಾಲೂಕಿಗೆ ಬಹಳ ಕಾಲ ಪರಸಗಡ ತಾಲೂಕು ಅಂತಲೇ ಹೆಸರಿತ್ತು. ಹಳೆಯ ಉತಾರ, ಖರೀದಿ ಪತ್ರ ಮನೆಯಲ್ಲಿದ್ದರೆ ತೆಗೆದು ನೋಡಿ, ಆ ಹೆಸರು ಕಾಣಬಹುದು. ಊರೊಳಗಿನ ದೊಡ್ಡ ಕೋಟೆ 18ನೇ ಶತಮಾನದ್ದು, ಸಿರಸಂಗಿ ದೇಸಾಯರ ಮನೆತನದ್ದು. ಅದೇ ಮನೆತನದ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನೇ ಮಕ್ಕಳ ವಿದ್ಯೆಗೆ ಬಿಟ್ಟುಹೋದರು. ಬ್ರಿಟಿಷರ ಕಾಲಕ್ಕೆ ಇದೆಲ್ಲ ಮುಂಬಯಿ ಪ್ರಾಂತ್ಯ. 1884ರ ಬೆಳಗಾವಿ ಗೆಜೆಟಿಯರ್‌ನಲ್ಲಿ ಎಲ್ಲಮ್ಮನ ಗುಡ್ಡದ ವಿವರ ಸಿಗುತ್ತದೆ.

ಹೊಳೆ, ಉಸುಕಿನ ಕೊಡ, ಹುಣ್ಣಿಮೆ

ಗುಡ್ಡದ ಕತೆ ಮಲಪ್ರಭಾ ಹೊಳೆಯಿಲ್ಲದೆ ಆಗುವುದಿಲ್ಲ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇಲ್ಲಿ ನವಿಲುತೀರ್ಥದ ಹತ್ತಿರ ಗುಡ್ಡವನ್ನೇ ಸೀಳಿಕೊಂಡು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ.

ಕತೆ ನಿಮಗೆ ಗೊತ್ತಿದ್ದದ್ದೇ. ಜಮದಗ್ನಿಯ ಹೆಂಡತಿ ರೇಣುಕೆ ದಿನಾ ಹೊಳೆಗೆ ಹೋಗಿ ಉಸುಕಿನಲ್ಲೇ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ ನೀರು ತರುತ್ತಿದ್ದಳು. ಒಂದು ದಿನ ಹೊಳೆಯಲ್ಲಿ ಜಲಕ್ರೀಡೆಯಾಡುತ್ತಿದ್ದವರನ್ನು ನೋಡಿ ಮನಸ್ಸು ಅರೆಗಳಿಗೆ ಚಂಚಲವಾಯಿತು. ಕೊಡ ನಿಲ್ಲಲಿಲ್ಲ. ಗಂಡ ಸಿಟ್ಟಾದ. ತಾಯಿಯ ತಲೆ ಕಡಿ ಅಂತ ಮಕ್ಕಳಿಗೆ ಹೇಳಿದ. ಉಳಿದವರು ಒಲ್ಲೆ ಎಂದರು, ಪರಶುರಾಮ ಕಡಿದ. ಆಮೇಲೆ ಅಪ್ಪನಿಂದ ವರ ಪಡೆದು ತಾಯಿಯನ್ನು ಬದುಕಿಸಿಕೊಂಡ. ಶಾಪದಿಂದ ಮೈತುಂಬ ರೋಗವಾದಾಗ ಎಕ್ಕಯ್ಯ, ಜೋಗಯ್ಯ ಎಂಬ ಸಿದ್ಧರು ಆಕೆಯನ್ನು ಉಪಚರಿಸಿದರು ಎಂಬುದು ನಮ್ಮ ಕಡೆಯ ಕತೆ. ಅದಕ್ಕೇ ಇಂದಿಗೂ ಭಕ್ತರು ಮೊದಲು ಜೋಗುಳಬಾವಿಯಲ್ಲಿ ಮಿಂದು, ಸತ್ಯವ್ವನ ದರ್ಶನ ಮಾಡಿ, ಆಮೇಲೆ ಗುಡ್ಡ ಹತ್ತುತ್ತಾರೆ.

ಜಾತ್ರೆಯ ಕಾಲವೂ ಈ ಕತೆಯ ಮೇಲೇ ನಿಂತಿದೆ. ಹೊಸ್ತಿಲ ಹುಣ್ಣಿಮೆಗೆ ಜಮದಗ್ನಿ ತೀರಿಕೊಂಡ ಅಂತ ದೇವಿಯ ಕಂಕಣ ತೆಗೆಯುತ್ತಾರೆ, ಜೋಗತಿಯರು ಬಳೆ ಒಡೆದುಕೊಳ್ಳುತ್ತಾರೆ. ಜನ ಇದನ್ನು ರಂಡೆ ಹುಣ್ಣಿಮೆ ಎನ್ನುತ್ತಾರೆ. ಬನದ ಹುಣ್ಣಿಮೆ ದಾಟಿ ಭರತ ಹುಣ್ಣಿಮೆ ಬಂದಾಗ ದೇವಿ ಮತ್ತೆ ಮುತ್ತೈದೆ. ಹಸಿರು ಬಳೆ, ಕುಂಕುಮ, ಭಂಡಾರ. ಹೋದ ಗಂಡ ಮರಳಿ ಬಂದು, ವಿಧವೆ ಮತ್ತೆ ಬಳೆ ತೊಡುವ ಜಾತ್ರೆ ಇದು. ಹೆಣ್ಣುಮಕ್ಕಳು ಈ ಅವ್ವನನ್ನು ಇಷ್ಟು ಹಚ್ಚಿಕೊಂಡದ್ದು ಯಾಕೆ ಅಂತ ಇಲ್ಲೇ ಅರ್ಥವಾಗುತ್ತದೆ. ತಪ್ಪು ಹೊರಿಸಿಕೊಂಡವಳು, ಮನೆಯಿಂದ ಹೊರಬಿದ್ದವಳು, ರೋಗ ಉಂಡವಳು, ಗಂಡನನ್ನು ಕಳೆದುಕೊಂಡವಳು. ಅಂಥವಳೇ ದೇವಿ.

ಒಕ್ಕಲುತನದ ಲೆಕ್ಕವೂ ಇದರಲ್ಲಿದೆ. ಮುಂಗಾರಿನ ಪೀಕು ಮನೆಗೆ ಬಂದಿರುತ್ತದೆ, ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿ ಆಗಿರುತ್ತದೆ, ಹಿಂಗಾರಿನ ಜೋಳ ಹೊಲದಲ್ಲಿ ನಿಂತಿರುತ್ತದೆ. ಕೈಯಲ್ಲಿ ನಾಲ್ಕು ಕಾಸು, ನಾಲ್ಕು ದಿನ ಬಿಡುವು. ಗುಡ್ಡದ ಮೇಲೆ ಬಯಲಲ್ಲೇ ಒಲೆ ಹೂಡಿ, ಹೋಳಿಗೆ, ಕಡಬು, ಬದನೆಕಾಯಿ ಪಲ್ಯ ಮಾಡಿ ಪಡ್ಡಲಗಿ ತುಂಬಿಸಿ, ಎಲ್ಲರೂ ಕೂಡಿ ಉಂಡು ಬರುವುದು. ಬೇರೆ ದಿನ ಒಂದೇ ಪಂಕ್ತಿಯಲ್ಲಿ ಕೂರದ ಜಾತಿಗಳು ಇಲ್ಲಿ ಅಕ್ಕಪಕ್ಕದಲ್ಲೇ ಒಲೆ ಹೂಡುತ್ತವೆ. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದಾಗ ಜಲಾಶಯಕ್ಕೆ ರೇಣುಕಾಸಾಗರ ಅಂತ ಅವ್ವನ ಹೆಸರನ್ನೇ ಇಟ್ಟರು. ಆ ನೀರಿನ ಕರದ ವಿರುದ್ಧ 1980ರಲ್ಲಿ ನರಗುಂದ, ನವಲಗುಂದದ ರೈತರು ಬಂಡೆದ್ದದ್ದು ಬೇರೆಯೇ ಇತಿಹಾಸ.

ಚೌಡಿಕೆ ಮತ್ತು ಮುತ್ತು

ಜಾತ್ರೆಯಲ್ಲಿ ತಲೆಯ ಮೇಲೆ ಜಗ ಹೊತ್ತ ಜೋಗತಿಯರನ್ನು, ಸೀರೆ ಉಟ್ಟ ಜೋಗಪ್ಪಗಳನ್ನು ನೋಡಿರುತ್ತೀರಿ. ಕಂಕುಳಲ್ಲಿ ಚೌಡಿಕೆ ಹಿಡಿದು ಒಂದೇ ತಂತಿ ಮೀಟುತ್ತ ರಾತ್ರಿಯಿಡೀ ಅವ್ವನ ಕತೆ ಹಾಡುವವರು ಇವರು. ಓದು ಬರಹ ಇಲ್ಲದಿದ್ದರೂ ಸಾವಿರಾರು ಸಾಲು ಬಾಯಲ್ಲಿ. ಇವರ ಕಲೆಗೆ ಬೆಲೆ ಸಿಕ್ಕಿದ್ದು ತಡವಾಗಿ. ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಮನೆಯವರೇ ಹೊರಗೆ ಹಾಕಿದ ಲೈಂಗಿಕ ಅಲ್ಪಸಂಖ್ಯಾತರಿಗೆ ಈ ಗುಡ್ಡ ಒಂದು ನೆಲೆ ಕೊಟ್ಟಿತ್ತು ಎಂಬುದನ್ನು ಮರೆಯಬಾರದು.

ಈಗ ತಲೆ ತಗ್ಗಿಸುವ ಮಾತು. ಜೋಗತಿಯರೆಲ್ಲ ದೇವದಾಸಿಯರಲ್ಲ. ಆದರೆ ಇದೇ ಅವ್ವನ ಹೆಸರಿನಲ್ಲಿ ಕೆಂಪು ಬಿಳಿ ಮಣಿಯ ಮುತ್ತು ಕಟ್ಟಿಸಿಕೊಂಡು, ಇನ್ನೂ ಬುದ್ಧಿ ಬರದ ವಯಸ್ಸಿನಲ್ಲಿ ದೇವದಾಸಿಯರಾದ ಹೆಣ್ಣುಮಕ್ಕಳು ಸಾವಿರಾರು. ಬಹುತೇಕ ಎಲ್ಲರೂ ದಲಿತರ ಮನೆಯವರು. ಕಾರಣ ಏನು ಕೊಡುತ್ತಿದ್ದರು? ಕೂದಲು ಜಡೆಗಟ್ಟಿತು, ಅವ್ವ ಕರೆದಿದ್ದಾಳೆ. ಮನೆಯಲ್ಲಿ ರೋಗ ಬಿಡಲಿಲ್ಲ, ಹರಕೆ. ಗಂಡು ಮಗ ಇಲ್ಲ, ಮುತ್ತು ಕಟ್ಟಿದರೆ ಮಗಳು ಮನೆಯಲ್ಲೇ ಉಳಿದು ತಂದೆತಾಯಿಯನ್ನು ನೋಡಿಕೊಳ್ಳುತ್ತಾಳೆ. ಕೊನೆಯದ್ದೇ ನಿಜವಾದ ಕಾರಣ, ಬಡತನ. ಮುತ್ತು ಕಟ್ಟಿದ ಮೇಲೆ ಮದುವೆ ಇಲ್ಲ. ಊರಿನ ಉಳ್ಳವರು ಇಟ್ಟುಕೊಂಡರು, ಬಿಟ್ಟರು. ಅನೇಕರು ಮುಂಬೈ, ಪುಣೆಯ ವೇಶ್ಯಾವಾಟಿಕೆ ಸೇರಿದರು. ಮಕ್ಕಳು ಶಾಲೆಗೆ ಹೋದರೆ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ.

ಕಾನೂನು ಬಂದದ್ದು ಇಂದು ನಿನ್ನೆ ಅಲ್ಲ. ನಮ್ಮ ಭಾಗ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1934ರಲ್ಲೇ ದೇವದಾಸಿ ರಕ್ಷಣಾ ಕಾನೂನು ಆಯಿತು. ಮುತ್ತು ಕಟ್ಟುವುದು ಅಪರಾಧ, ದೇವದಾಸಿ ಮದುವೆಯಾದರೆ ಆ ಮದುವೆ ಸಿಂಧು ಅಂತ ಅದು ಹೇಳಿತು. 1982ರಲ್ಲಿ ಕರ್ನಾಟಕ ತನ್ನದೇ ಕಾನೂನು ತಂದಿತು. ಮುತ್ತು ಕಟ್ಟಿದವರಿಗೆ, ಕಟ್ಟಲು ನೆರವಾದವರಿಗೆ ಅದರಲ್ಲಿ 3 ವರ್ಷದವರೆಗೆ ಜೈಲು ಇತ್ತು. ತಂದೆ, ತಾಯಿ, ಪೋಷಕರು, ಸಂಬಂಧಿಕರೇ ಮಾಡಿಸಿದರೆ 2ರಿಂದ 5 ವರ್ಷ ಇತ್ತು. ನಾಲ್ಕು ವರ್ಷದ ಮೇಲೆ, 1986ರಲ್ಲಿ, ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಬೆತ್ತಲೆ ಸೇವೆ ತಡೆಯಲು ಹೋದವರ ಮೇಲೆ, ಪೊಲೀಸರ ಮೇಲೆ ಹಲ್ಲೆಯಾಯಿತು. ಆ ಗಲಾಟೆಯ ನಂತರ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಆಗಲೂ ಧರ್ಮ ಹೋಯಿತು ಅಂತ ಕೂಗಿದವರಿದ್ದರು. ಧರ್ಮ ಎಲ್ಲಿಗೂ ಹೋಗಲಿಲ್ಲ. ಚಂದ್ರಗುತ್ತಿಯ ಜಾತ್ರೆ ಇಂದಿಗೂ ನಡೆಯುತ್ತಿದೆ.

ಕಾನೂನು ಕಾಗದದಲ್ಲಿ ಇದ್ದರೂ ಮುತ್ತು ನಿಲ್ಲಲಿಲ್ಲ. ಗುಡ್ಡದ ಮೇಲೆ ಪೊಲೀಸರು ನಿಂತರೆ ಮನೆಯೊಳಗೆ, ರಾತ್ರಿ ಹೊತ್ತು ಕಟ್ಟಿದರು. ಸರ್ಕಾರದ 1993-94 ಮತ್ತು 2007-08ರ ಎರಡು ಸಮೀಕ್ಷೆ ಸೇರಿ ರಾಜ್ಯದಲ್ಲಿ ಲೆಕ್ಕಕ್ಕೆ ಸಿಕ್ಕ ದೇವದಾಸಿಯರು 46,660. ಇದು ಪಟ್ಟಿಯಲ್ಲಿ ಹೆಸರು ಬಂದವರ ಸಂಖ್ಯೆ ಮಾತ್ರ.

ಬದಲಾವಣೆ ತಂದವರಲ್ಲಿ ಮಾಜಿ ದೇವದಾಸಿಯರೇ ಮುಂದೆ ನಿಂತರು. 1990ರ ದಶಕದಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಅವರೇ ಕಟ್ಟಿಕೊಂಡ ಮಾಸ್ ಸಂಘಟನೆ ಊರೂರು ತಿರುಗಿತು. ಜಡೆ ಎಂದರೆ ಅವ್ವನ ಕರೆ ಅಲ್ಲ, ಎಣ್ಣೆ ನೀರು ಕಾಣದ ಕೂದಲು ಅಂತ ತಿಳಿಹೇಳಿ, ಜಡೆ ಕತ್ತರಿಸಿ ತೋರಿಸಿದರು. ಕತ್ತರಿಸಿದವರಿಗೆ ಏನೂ ಆಗಲಿಲ್ಲ. ನೂರು ಭಾಷಣ ಮಾಡಲಾರದ ಕೆಲಸವನ್ನು ಆ ಕತ್ತರಿ ಮಾಡಿತು.

ಒಂದು ಜಾತ್ರೆಯ ವರದಿಗೆ ಹೋದಾಗ ಎಣ್ಣೆಹೊಂಡದ ಹತ್ತಿರ ಕುಳಿತಿದ್ದ ಹಿರಿಯರೊಬ್ಬರನ್ನು ಮಾತಾಡಿಸಿದೆ. ಎಂಟನೇ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡವರು. ‘ಇಷ್ಟೆಲ್ಲಾ ಆದ್ರೂ ಗುಡ್ಡಕ್ಕ ಬರ್ತೀರಲ್ಲ ಆಯಿ, ಅವ್ವನ ಮ್ಯಾಲೆ ಸಿಟ್ಟಿಲ್ಲೇನು?’ ಅಂತ ಕೇಳಿದೆ. ಅವರು ನನ್ನನ್ನೇ ನೋಡಿ ಹೇಳಿದರು: ‘ಅವ್ವ ನನ್ನ ಎಂದ ಕೇಳಿದ್ಲೋ ತಮ್ಮಾ? ಕೇಳಿದವ್ರು ಮನ್ಯಾನವ್ರು, ಊರಾಗಿನವ್ರು. ಆಕಿ ಮ್ಯಾಲೆ ಯಾಕ ಸಿಟ್ಟಾಗ್ಲಿ?’ ಅವರ ಮೊಮ್ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ.

ಸಾವಿರ ವರ್ಷದ ರಟ್ಟರ ನಾಡು, ಐನೂರು ವರ್ಷದ ಗುಡಿ, ಅದಕ್ಕಿಂತ ಹಳೆಯ ಕತೆ. ಇದರಲ್ಲಿ ಎಷ್ಟೋ ಬದಲಾಗಿದೆ. ಬಸದಿಗೆ ದಾನ ಕೊಟ್ಟ ಅರಸರು ಹೋದರು, ಕೋಟೆ ಕಟ್ಟಿದ ದೇಸಾಯರು ಹೋದರು, ಚಕ್ಕಡಿ ಹೋಗಿ ಬಸ್ಸು ಬಂತು. ಬೇವಿನ ಉಡಿಗೆ ನಿಂತಿತು. ಅವ್ವ ಮಾತ್ರ ಇದ್ದಲ್ಲೇ ಇದ್ದಾಳೆ, ಜಾತ್ರೆ ದೊಡ್ಡದಾಗುತ್ತಲೇ ಇದೆ. ಅಂದಮೇಲೆ ಮುತ್ತು ಪೂರ್ತಿ ನಿಂತರೂ ಅವ್ವನಿಗೆ ಏನೂ ಕಡಿಮೆಯಾಗುವುದಿಲ್ಲ.

ಈ ಸಲ ಹುಣ್ಣಿಮೆಗೆ ನೀವೂ ಹೋಗಿಬನ್ನಿ. ಪಡ್ಡಲಗಿ ತುಂಬಿಸಿ, ಭಂಡಾರ ಹಚ್ಚಿಕೊಳ್ಳಿ, ಚೌಡಿಕೆಯವರ ಹಾಡು ಕುಳಿತು ಕೇಳಿ, ಕೈಲಾದಷ್ಟು ಕೊಡಿ. ನಿಮ್ಮ ಊರಲ್ಲಿ ಯಾವುದಾದರೂ ಹುಡುಗಿಗೆ ಮುತ್ತು ಕಟ್ಟುವ ಮಾತು ಕಿವಿಗೆ ಬಿದ್ದರೆ ಮಾತ್ರ ಸುಮ್ಮನಿರಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ದುಡ್ಡು ಹತ್ತುವುದಿಲ್ಲ. ಅಂಗನವಾಡಿ ಕಾರ್ಯಕರ್ತೆಗೆ, ಶಾಲೆಯ ಶಿಕ್ಷಕರಿಗೆ ತಿಳಿಸಿದರೂ ಸಾಕು. ಆ ಒಂದು ಫೋನೂ ಅವ್ವನ ಸೇವೆಯೇ.