ರೆಪ್ಲಿಕಾ ಸ್ಪೋರ್ಟ್ಸ್ ಕಾರುಗಳು: ಆಕಾರದ ಒಡೆತನದ ವ್ಯಾಜ್ಯಗಳು

ತಯಾರಿಕೆ ನಿಂತುಹೋದ ಹೆಸರಾಂತ ಸ್ಪೋರ್ಟ್ಸ್ ಕಾರಿನ ಮೈಯನ್ನು ಅಚ್ಚು ತೆಗೆದು, ಬೇರೆ ಕಾರಿನ ಷಾಸಿ ಮತ್ತು ಎಂಜಿನ್ ಮೇಲೆ ಕೂರಿಸಿ ಮಾಡಿದ ಕಾರನ್ನು ರೆಪ್ಲಿಕಾ ಎನ್ನುತ್ತಾರೆ. ಬಿಡಿಬಿಡಿಯಾಗಿ ಮಾರಿ, ಕೊಂಡವರೇ ಜೋಡಿಸಿಕೊಳ್ಳಲು ಬಿಟ್ಟರೆ ಅದು ಕಿಟ್ ಕಾರು. ಇನ್ನೊಬ್ಬರ ಹೆಸರನ್ನೋ ಲಾಂಛನವನ್ನೋ ಅಂಟಿಸಿ ಮಾರುವುದು ತಪ್ಪೆಂಬುದರಲ್ಲಿ ಯಾರಿಗೂ ತಕರಾರಿಲ್ಲ. ಹೆಸರನ್ನೂ ಲಾಂಛನವನ್ನೂ ಕಿತ್ತ ಮೇಲೆ ಉಳಿಯುವ ಆಕಾರ ಯಾರದು ಎಂಬುದೇ ಅರ್ಧ ಶತಮಾನದ ವ್ಯಾಜ್ಯಗಳ ಮೂಲ. ಬಾನೆಟ್ಟಿನ ಉಬ್ಬು, ಚಕ್ರದ ಮೇಲಿನ ಬಾಗು, ಹಿಂಬದಿಯ ಇಳಿಜಾರು ಇವುಗಳಿಗೆ ಒಡೆಯನಿದ್ದಾನೆಯೇ? ಇದ್ದರೆ ಎಷ್ಟು ಕಾಲದವರೆಗೆ?

ಈ ಪ್ರಶ್ನೆ ಏಳಲು ಮುಖ್ಯ ಕಾರಣ ಫೈಬರ್‌ಗ್ಲಾಸ್. ಹಳೆಯ ಸ್ಪೋರ್ಟ್ಸ್ ಕಾರುಗಳ ಅಲ್ಯೂಮಿನಿಯಂ ಮೈಯನ್ನು ನುರಿತ ಕೆಲಸಗಾರರು ಸುತ್ತಿಗೆಯಿಂದ ತಟ್ಟಿ ರೂಪಿಸುತ್ತಿದ್ದರು. ಆ ಕೈಚಳಕವನ್ನು ನಕಲು ಮಾಡಲು ಅಷ್ಟೇ ಪಳಗಿದ ಕೈ ಬೇಕಿತ್ತು. ಫೈಬರ್‌ಗ್ಲಾಸ್ ಬಂದ ಮೇಲೆ ಆ ಅಡ್ಡಿ ಕಳಚಿತು. ಅಸಲಿ ಕಾರಿಗೆ ಮೇಣ ಸವರಿ, ಅದರ ಮೇಲೆ ಗಾಜಿನ ನಾರಿನ ಹಾಸುಗಳನ್ನು ರಾಳ ಹಚ್ಚಿ ಪದರಪದರವಾಗಿ ಅಂಟಿಸಿ, ಒಣಗಿದ ಮೇಲೆ ಬಿಡಿಸಿಕೊಂಡರೆ ಅಚ್ಚು ಸಿದ್ಧ. ಆ ಅಚ್ಚಿನಿಂದ ಎಷ್ಟು ಮೈಗಳನ್ನಾದರೂ ತೆಗೆಯಬಹುದು.

ಬ್ರಿಟನ್ನಿನಲ್ಲಿ ಇದಕ್ಕೆ ತೆರಿಗೆಯ ಕಾರಣವೂ ಕೂಡಿಕೊಂಡಿತು. ಪೂರ್ತಿ ಕಾರಿಗೆ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಭಾಗಗಳ ಕಿಟ್‌ಗೆ ಬೀಳುತ್ತಿರಲಿಲ್ಲ. 1957ರಲ್ಲಿ ಕಾಲಿನ್ ಚಾಪ್‌ಮನ್ ಹೊರತಂದ ಲೋಟಸ್ ಸೆವೆನ್ ಬಹುಪಾಲು ಕಿಟ್ ಆಗಿಯೇ ಮನೆ ಸೇರಿತು. 1973ರಲ್ಲಿ ಆ ಮಾದರಿಯ ಹಕ್ಕು ಕ್ಯಾಟರ್‌ಹ್ಯಾಮ್ ಸಂಸ್ಥೆಗೆ ಬಂತು. ಮುಂದೆ ವೆಸ್ಟ್‌ಫೀಲ್ಡ್ ಎಂಬ ಸಂಸ್ಥೆ ಅದೇ ಚಹರೆಯ ಕಾರು ಮಾಡತೊಡಗಿದಾಗ ಕ್ಯಾಟರ್‌ಹ್ಯಾಮ್ ಕಾನೂನಿನ ಮೊರೆ ಹೊಕ್ಕಿತು. ವಿವಾದ ನ್ಯಾಯಾಲಯದ ಹೊರಗೇ ಬಗೆಹರಿದು, ವೆಸ್ಟ್‌ಫೀಲ್ಡ್ ತನ್ನ ಕಾರಿನ ಚಹರೆಯನ್ನು ಬದಲಿಸಿಕೊಂಡಿತು.

ಫೆರಾರಿಯ ಕಾವಲು

ಅಮೆರಿಕದಲ್ಲಿ ಈ ಜಗಳವನ್ನು ಮನೆಮನೆಗೆ ಮುಟ್ಟಿಸಿದ್ದು ದೂರದರ್ಶನ. 1984ರಲ್ಲಿ ಶುರುವಾದ ಮಯಾಮಿ ವೈಸ್ ಧಾರಾವಾಹಿಯ ನಾಯಕ ಓಡಿಸುತ್ತಿದ್ದ ಕಪ್ಪು ಫೆರಾರಿ ಡೇಟೋನಾ ಸ್ಪೈಡರ್ ಅಸಲಿಯಾಗಿರಲಿಲ್ಲ. ಅದು ಷೆವ್ರೊಲೆ ಕಾರ್ವೆಟ್‌ನ ಷಾಸಿಯ ಮೇಲೆ ಕೂರಿಸಿದ ಫೈಬರ್‌ಗ್ಲಾಸ್ ಮೈ, ಕ್ಯಾಲಿಫೋರ್ನಿಯಾದ ಮ್ಯಾಕ್‌ಬರ್ನಿ ಎಂಬ ತಯಾರಕರ ಕೆಲಸ. ಅಸಲಿ ಡೇಟೋನಾ ಸ್ಪೈಡರ್ ಕಾರುಗಳು ಇದ್ದದ್ದೇ ಸುಮಾರು 120. ಫೆರಾರಿ ಸಂಸ್ಥೆ ತಯಾರಕರ ಮೇಲೆ ದಾವೆ ಹೂಡಿತು, ಧಾರಾವಾಹಿಗೆ ಎರಡು ಅಸಲಿ ಟೆಸ್ಟಾರೋಸಾ ಕಾರುಗಳನ್ನು ಒದಗಿಸಿತು. 1986ರಲ್ಲಿ ಮೂರನೆಯ ಸರಣಿಯ ಮೊದಲ ಕಂತಿನಲ್ಲಿ ನಕಲಿ ಡೇಟೋನಾ ಕ್ಷಿಪಣಿಗೆ ಸಿಕ್ಕಿ ಸಿಡಿದುಹೋಯಿತು.

ಕಾನೂನಿನ ದೃಷ್ಟಿಯಿಂದ ಇದಕ್ಕಿಂತ ತೂಕದ್ದು 1991ರಲ್ಲಿ ಅಮೆರಿಕದ ಆರನೆಯ ವಲಯದ ಮೇಲ್ಮನವಿ ನ್ಯಾಯಾಲಯ ನಿರ್ಣಯಿಸಿದ ಫೆರಾರಿ ವಿರುದ್ಧ ರಾಬರ್ಟ್ಸ್ ಪ್ರಕರಣ. ಪ್ರತಿವಾದಿ ಡೇಟೋನಾ ಸ್ಪೈಡರ್ ಮತ್ತು ಟೆಸ್ಟಾರೋಸಾ ಕಾರುಗಳ ಮೈಯನ್ನು ಹೋಲುವ ಕಿಟ್‌ಗಳನ್ನು ಮಯಾಮಿ ಸ್ಪೈಡರ್, ಮಯಾಮಿ ಕೂಪೆ ಎಂಬ ಹೆಸರಿನಲ್ಲಿ ಮಾರುತ್ತಿದ್ದರು. ಅವರ ವಾದ ಸರಳವಾಗಿತ್ತು: ಕೊಳ್ಳುವವರಿಗೆಲ್ಲ ಇದು ಫೆರಾರಿ ಅಲ್ಲವೆಂದು ಗೊತ್ತು, ಹಾಗಿರುವಾಗ ಮೋಸವೆಲ್ಲಿ ಬಂತು?

ನ್ಯಾಯಾಲಯ ಇದನ್ನು ಒಪ್ಪಲಿಲ್ಲ. 1946ರ ಲ್ಯಾನ್‌ಹ್ಯಾಮ್ ಕಾಯ್ದೆಯಡಿ ಹೆಸರಿಗೆ ಮಾತ್ರವಲ್ಲ, ವಸ್ತುವಿನ ಒಟ್ಟು ಹೊರನೋಟಕ್ಕೂ ರಕ್ಷಣೆ ಸಿಗಬಹುದು. ಅದನ್ನೇ ಟ್ರೇಡ್ ಡ್ರೆಸ್ ಎನ್ನುವುದು. ಆದರೆ ಆ ಆಕಾರ ಕಂಡೊಡನೆ ಜನರಿಗೆ ತಯಾರಕನ ನೆನಪಾಗಬೇಕು, ಆಕಾರ ಬರೀ ಉಪಯೋಗಕ್ಕಾಗಿ ಹುಟ್ಟಿದ್ದಾಗಿರಬಾರದು, ನಕಲಿನಿಂದ ಗೊಂದಲವಾಗುವ ಸಂಭವವಿರಬೇಕು. ಲಾಂಛನಗಳನ್ನು ತೆಗೆದ ಚಿತ್ರಗಳನ್ನು ತೋರಿಸಿದ ಸಮೀಕ್ಷೆಯಲ್ಲಿ ಶೇ 73 ಜನ ಡೇಟೋನಾ ಸ್ಪೈಡರನ್ನೂ ಶೇ 82 ಜನ ಟೆಸ್ಟಾರೋಸಾವನ್ನೂ ಫೆರಾರಿ ಎಂದೇ ಗುರುತಿಸಿದ್ದರು. ಗೊಂದಲದ ವಿಚಾರದಲ್ಲಿ ನ್ಯಾಯಾಲಯ ಅಂಗಡಿಯಿಂದ ಬೀದಿಗೆ ನೋಟ ಹೊರಳಿಸಿತು. ಕೊಂಡವನಿಗೆ ಸತ್ಯ ಗೊತ್ತಿರಬಹುದು, ರಸ್ತೆಬದಿಯಲ್ಲಿ ನಿಂತು ನೋಡಿದವನಿಗೆ ಗೊತ್ತಿರುವುದಿಲ್ಲ. ಅಪರೂಪವೇ ಬೆಲೆಯಾಗಿರುವ ಕಾರು ಬೀದಿಬೀದಿಯಲ್ಲಿ ಕಂಡರೆ ಅದರ ಹೆಸರು ಸವೆಯುತ್ತದೆ ಎಂದು ನ್ಯಾಯಾಲಯ ಬಗೆಯಿತು. ಮಾರಾಟಕ್ಕೆ ಶಾಶ್ವತ ತಡೆ ಬಿತ್ತು.

ಪೀಠದಲ್ಲಿದ್ದ ನ್ಯಾಯಮೂರ್ತಿ ಕಾರ್ನೀಲಿಯಾ ಕೆನಡಿ ಭಿನ್ನ ತೀರ್ಪು ಬರೆದರು. ಕಾಯ್ದೆ ತಡೆಯುವುದು ಗೊಂದಲವನ್ನು, ನಕಲನ್ನಲ್ಲ ಎಂಬುದು ಅದರ ತಿರುಳು. ಈ ವಿಷಯದ ಮೇಲೆ ಬಂದ ಬರಹಗಳಲ್ಲಿ ಹೆಚ್ಚು ಓದಬೇಕಾದದ್ದು ಈ ಭಿನ್ನಮತವೇ. ಪೇಟೆಂಟ್ ಒಂದು ದಿನ ಮುಗಿಯುತ್ತದೆ, ಟ್ರೇಡ್‌ಮಾರ್ಕ್‌ಗೆ ಕೊನೆಯಿಲ್ಲ. ಆಕಾರವನ್ನು ಎರಡನೆಯದರೊಳಗೆ ಸೇರಿಸಿಬಿಟ್ಟರೆ ಮೊದಲನೆಯದರ ಅವಧಿಗೆ ಅರ್ಥವೇ ಉಳಿಯುವುದಿಲ್ಲ. ಇದೇ ಎಚ್ಚರಿಕೆ 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಬೊನಿಟೊ ಬೋಟ್ಸ್ ತೀರ್ಪಿನಲ್ಲೂ ಇತ್ತು. ಇನ್ನೊಬ್ಬರ ದೋಣಿಯಿಂದ ನೇರವಾಗಿ ಅಚ್ಚು ತೆಗೆಯುವುದನ್ನು ನಿಷೇಧಿಸಿದ್ದ ಫ್ಲೋರಿಡಾದ ಕಾನೂನನ್ನು ಕೋರ್ಟು ಒಮ್ಮತದಿಂದ ರದ್ದು ಮಾಡಿತ್ತು: ಪೇಟೆಂಟ್ ಇಲ್ಲದ, ಬಹಿರಂಗವಾಗಿರುವ ವಿನ್ಯಾಸವನ್ನು ರಾಜ್ಯವೊಂದು ಬೀಗ ಹಾಕಿ ಇಡುವಂತಿಲ್ಲ. 1998ರಲ್ಲಿ ಸಂಸತ್ತು ದೋಣಿಯ ಒಡಲಿಗೆ ಪ್ರತ್ಯೇಕ ರಕ್ಷಣೆ ಕೊಟ್ಟಿತು. ಕಾರಿನ ಮೈಗೆ ಕೊಡಲಿಲ್ಲ.

ಕೋಬ್ರಾ

ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಕಾರುಗಳಲ್ಲೊಂದಾದ ಕೋಬ್ರಾದ ಕತೆ ಇದರ ಇನ್ನೊಂದು ಮಗ್ಗುಲು. 1959ರ ಲೆ ಮಾನ್ ಪಂದ್ಯ ಗೆದ್ದ ಅಮೆರಿಕದ ಚಾಲಕ ಕ್ಯಾರಲ್ ಶೆಲ್ಬಿ ಹೃದಯದ ಕಾಯಿಲೆಯಿಂದ ಪಂದ್ಯ ಬಿಟ್ಟ ಮೇಲೆ, ಇಂಗ್ಲೆಂಡಿನ ಥೇಮ್ಸ್ ಡಿಟನ್‌ನಲ್ಲಿದ್ದ ಎಸಿ ಕಾರ್ಸ್ ಸಂಸ್ಥೆಯ ಏಸ್ ಕಾರಿಗೆ ಫೋರ್ಡ್‌ನ ವಿ8 ಎಂಜಿನ್ ಹೊಂದಿಸಿ 1962ರಲ್ಲಿ ಕೋಬ್ರಾ ಮಾಡಿದರು. 1967ಕ್ಕೆ ತಯಾರಿಕೆ ಮುಗಿಯುವ ಹೊತ್ತಿಗೆ ಹೊರಬಂದವು ಸುಮಾರು ಒಂದು ಸಾವಿರ. ಕೋಬ್ರಾದ ಆ ಚೆಲುವಾದ ಮೈ ಕೂಡ ಒಬ್ಬರದೇ ಅಲ್ಲ. ಏಸ್‌ಗೆ ಮೂಲವಾದದ್ದು ಜಾನ್ ಟೊಜೇರೊ ಅವರ ರೇಸ್ ಕಾರು. ಅದರ ಮೈ ನೇರವಾಗಿ ಫೆರಾರಿ 166 ಬಾರ್ಕೆಟ್ಟಾದಿಂದ ಪ್ರೇರಣೆ ಪಡೆದದ್ದು. ಇಟಲಿಯಲ್ಲಿ ಹುಟ್ಟಿದ ಗೆರೆ ಇಂಗ್ಲೆಂಡಿನಲ್ಲಿ ಬೆಳೆದು ಕ್ಯಾಲಿಫೋರ್ನಿಯಾದಲ್ಲಿ ಮೈದುಂಬಿಕೊಂಡಿತು. ವ್ಯಾಜ್ಯದ ಕಡತಗಳನ್ನು ಓದುವಾಗ ಈ ವಂಶಾವಳಿಯನ್ನು ಮರೆಯಬಾರದು.

ಅಸಲಿ ಕೋಬ್ರಾಗಳ ಬೆಲೆ ಏರಿದಂತೆ ನಕಲು ಮಾಡುವ ಸಣ್ಣ ಕಾರ್ಖಾನೆಗಳು ಅಲ್ಲಲ್ಲಿ ಎದ್ದವು. 1995ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾದ ಫ್ಯಾಕ್ಟರಿ ಫೈವ್, ಹಳೆಯ ಫೋರ್ಡ್ ಮಸ್ಟಾಂಗ್‌ನ ಭಾಗಗಳನ್ನು ಬಳಸಿ ಸಾಮಾನ್ಯ ಸಂಬಳದವರೂ ಜೋಡಿಸಿಕೊಳ್ಳಬಲ್ಲ ಕಿಟ್ ತಂದಿತು. ದಕ್ಷಿಣ ಆಫ್ರಿಕಾದಲ್ಲಿ ತಯಾರಾಗುತ್ತಿದ್ದ ಸೂಪರ್‌ಫಾರ್ಮನ್ಸ್ ಕಾರುಗಳು ಬಹುಪಾಲು ಜೋಡಿಸಿದ ಸ್ಥಿತಿಯಲ್ಲೇ ಅಮೆರಿಕಕ್ಕೆ ಬಂದವು. 2000ದ ಸುಮಾರಿಗೆ ಶೆಲ್ಬಿ ಇಬ್ಬರ ಮೇಲೂ ದಾವೆ ಹೂಡಿದರು: ಕೋಬ್ರಾ 427ರ ಆಕಾರವೇ ತಮ್ಮ ಗುರುತು ಎಂದು.

ಇಲ್ಲಿ ಕಾಲ ಅವರಿಗೆ ಎದುರಾಗಿ ನಿಂತಿತ್ತು. 2000ದಲ್ಲಿ ಸುಪ್ರೀಂ ಕೋರ್ಟು ವಾಲ್‌ಮಾರ್ಟ್ ವಿರುದ್ಧ ಸಮಾರಾ ಬ್ರದರ್ಸ್ ತೀರ್ಪಿನಲ್ಲಿ, ವಸ್ತುವಿನ ವಿನ್ಯಾಸ ತಾನಾಗಿಯೇ ಗುರುತಾಗುವುದಿಲ್ಲ, ಜನರ ಮನಸ್ಸಿನಲ್ಲಿ ಅದು ಒಬ್ಬ ತಯಾರಕನಿಗೆ ಅಂಟಿಕೊಂಡಿದೆ ಎಂದು ಸಾಬೀತು ಮಾಡಲೇಬೇಕು ಎಂದಿತ್ತು. ಆದರೆ ದಶಕಗಳಿಂದ ಹತ್ತಾರು ಮಂದಿ ಅದೇ ಆಕಾರವನ್ನು ಬಹಿರಂಗವಾಗಿ ಮಾಡಿ ಮಾರಿದ್ದರು. ಅಷ್ಟು ಕಾಲ ಸುಮ್ಮನಿದ್ದ ಮೇಲೆ, ರಸ್ತೆಯಲ್ಲಿ ಕಂಡ ಕೋಬ್ರಾ ಒಬ್ಬನೇ ತಯಾರಕನನ್ನು ಹೇಗೆ ನೆನಪಿಸೀತು? ಸೂಪರ್‌ಫಾರ್ಮನ್ಸ್ ಪ್ರಕರಣದಲ್ಲಿ ಮ್ಯಾಸಚೂಸೆಟ್ಸ್‌ನ ಫೆಡರಲ್ ಜಿಲ್ಲಾ ನ್ಯಾಯಾಲಯ 2002ರಲ್ಲಿ ಆಕಾರದ ಮೇಲಿನ ಹಕ್ಕನ್ನು ಎತ್ತಿಹಿಡಿಯಲಿಲ್ಲ. ಫ್ಯಾಕ್ಟರಿ ಫೈವ್ ಜೊತೆಗಿನ ದಾವೆ ರಾಜಿಯಲ್ಲಿ ಮುಗಿಯಿತು. ಅವರ ಕಾರು ಶೆಲ್ಬಿ, ಕೋಬ್ರಾ ಎಂಬ ಹೆಸರುಗಳಿಲ್ಲದೆ ಬರೀ ರೋಡ್‌ಸ್ಟರ್ ಆಗಿ ಮಾರಾಟವಾಗುತ್ತಿದೆ. ಸೂಪರ್‌ಫಾರ್ಮನ್ಸ್ ಮುಂದೆ ಶೆಲ್ಬಿ ಅವರಿಂದಲೇ ಪರವಾನಗಿ ಪಡೆಯಿತು. ಶೆಲ್ಬಿಯವರ ಅಸಮಾಧಾನ ಅರ್ಥವಾಗುವಂಥದ್ದೇ, ಕಟ್ಟಿದವರು ಅವರು. ಆದರೆ ತಯಾರಿಕೆ ನಿಂತಿದ್ದ ವರ್ಷಗಳಲ್ಲಿ ಕೋಬ್ರಾವನ್ನು ರಸ್ತೆಯ ಮೇಲೆ ಜೀವಂತವಾಗಿ ಇಟ್ಟವರು ಗ್ಯಾರೇಜುಗಳಲ್ಲಿ ಮೈಕೈ ಮಸಿ ಮಾಡಿಕೊಂಡ ಆ ಸಾವಿರಾರು ಜನ. ನ್ಯಾಯಾಲಯದ ನಿಲುವು ಇಬ್ಬರಿಗೂ ಸಲ್ಲಬೇಕಾದ್ದನ್ನು ಸಲ್ಲಿಸಿತು ಎಂದೇ ಹೇಳಬೇಕು.

ಯೂರೋಪಿನ ದಾರಿ

ಯೂರೋಪಿನಲ್ಲಿ ತಯಾರಕರು ಆಕಾರವನ್ನೇ ಮೂರು ಆಯಾಮದ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸುವ ದಾರಿ ಹಿಡಿದರು. ಮರ್ಸಿಡಿಸ್ 300 ಎಸ್‌ಎಲ್‌ನ ರೆಕ್ಕೆಬಾಗಿಲಿನ ಮೈಯನ್ನು ಫೈಬರ್‌ಗ್ಲಾಸ್‌ನಲ್ಲಿ ನಕಲು ಮಾಡಿದ್ದ ಒಂದು ಒಡಲನ್ನು ಮರ್ಸಿಡಿಸ್‌ನ ತಯಾರಕ ಡೈಮ್ಲರ್ ಸಂಸ್ಥೆ 2012ರಲ್ಲಿ ಜಜ್ಜಿ ನಾಶಪಡಿಸಿ, ಅದನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿತು.

1962ರಿಂದ 1964ರವರೆಗೆ ಕೇವಲ 36 ತಯಾರಾದ ಫೆರಾರಿ 250 ಜಿಟಿಒ ವಿಚಾರದಲ್ಲಿ ಫಲ ಎರಡು ಕವಲಾಯಿತು. ಮೊಡೆನಾ ನಗರದ ಆರೆಸ್ ಡಿಸೈನ್ ಅದನ್ನು ಹೋಲುವ ಕಾರು ಮಾಡಲು ಹೊರಟಾಗ, 2019ರಲ್ಲಿ ಬೊಲೋನ್ಯಾ ನ್ಯಾಯಾಲಯ ಆ ಕಾರನ್ನು ಕಲಾಕೃತಿ ಎಂದು ಪರಿಗಣಿಸಿ ಕೃತಿಸ್ವಾಮ್ಯದ ರಕ್ಷಣೆ ಕೊಟ್ಟಿತು. ಮರುವರ್ಷವೇ ಯೂರೋಪಿಯನ್ ಒಕ್ಕೂಟದ ಬೌದ್ಧಿಕ ಆಸ್ತಿ ಕಚೇರಿ, ಬಳಕೆಯಲ್ಲಿಲ್ಲವೆಂಬ ಕಾರಣಕ್ಕೆ, ಅದೇ ಆಕಾರದ ಟ್ರೇಡ್‌ಮಾರ್ಕನ್ನು ವಾಹನಗಳ ಮಟ್ಟಿಗೆ ರದ್ದು ಮಾಡಿ ಆಟಿಕೆಗಳಿಗಷ್ಟೇ ಉಳಿಸಿತು. ಕಲೆಯೆಂದರೆ ಕಾವಲುಂಟು, ಗುರುತೆಂದರೆ ಬಳಸುತ್ತಲೇ ಇರಬೇಕು: ಕೋಬ್ರಾ ಪ್ರಕರಣದ ತರ್ಕ ಇಲ್ಲಿ ಬೇರೆ ವೇಷದಲ್ಲಿ ಮರಳಿ ಬಂದಿತು.

ಭಾರತದ ನಂಟು

ಭಾರತದ ಸಂಸ್ಥೆಯೊಂದು ಇಂಥ ವ್ಯಾಜ್ಯದಲ್ಲಿ ಸಿಲುಕಿದ್ದು ಸ್ಪೋರ್ಟ್ಸ್ ಕಾರಿಗಾಗಿ ಅಲ್ಲ, ಜೀಪಿಗಾಗಿ. 1947ರಿಂದಲೇ ವಿಲ್ಲಿಸ್ ಜೀಪುಗಳ ನಂಟಿದ್ದ ಮಹೀಂದ್ರ ಸಂಸ್ಥೆ ಅಮೆರಿಕದಲ್ಲಿ ರಾಕ್ಸರ್ ವಾಹನ ಬಿಡುಗಡೆ ಮಾಡಿದಾಗ, 2018ರಲ್ಲಿ ಜೀಪ್ ಹೆಸರಿನ ಅಂದಿನ ಒಡೆಯ ಫಿಯೆಟ್ ಕ್ರೈಸ್ಲರ್ ದೂರು ಕೊಟ್ಟಿತು. 2020ರಲ್ಲಿ ಅಮೆರಿಕದ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗ ಮೊದಲಿನ ರಾಕ್ಸರ್ ಜೀಪಿನ ಟ್ರೇಡ್ ಡ್ರೆಸ್ ಉಲ್ಲಂಘಿಸಿದೆ ಎಂದಿತು; ಮುಖ ಬದಲಿಸಿದ ಮಾದರಿಗೆ ಅದೇ ವರ್ಷ ಅನುಮತಿ ಸಿಕ್ಕಿತು. ಭಾರತದ 1999ರ ಟ್ರೇಡ್‌ಮಾರ್ಕ್ ಕಾಯ್ದೆಯೂ ವಸ್ತುವಿನ ಆಕಾರವನ್ನು ಗುರುತಾಗಿ ಒಪ್ಪುತ್ತದೆ. ಆದರೆ ನೋಂದಾಯಿತ ವಿನ್ಯಾಸಕ್ಕೆ ಸಿಗುವುದು 10 ವರ್ಷ, ವಿಸ್ತರಿಸಿದರೆ ಇನ್ನೈದು. ನೋಂದಾಯಿಸಬಹುದಾಗಿದ್ದೂ ನೋಂದಾಯಿಸದೆ ಕಾರ್ಖಾನೆಯಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತೆಗೆದ ವಿನ್ಯಾಸಕ್ಕೆ ಕೃತಿಸ್ವಾಮ್ಯ ಉಳಿಯುವುದಿಲ್ಲ.

ಪರವಾನಗಿಯ ಕಾಲ

2015ರ ಡಿಸೆಂಬರಿನಲ್ಲಿ ಅಮೆರಿಕ ಹೊಸ ಕಾನೂನು ತಂದಿತು. ಕನಿಷ್ಠ 25 ವರ್ಷ ಹಳೆಯ ಮಾದರಿಯ ರೆಪ್ಲಿಕಾಗಳನ್ನು ಸಣ್ಣ ತಯಾರಕರು ವರ್ಷಕ್ಕೆ 325ರ ಮಿತಿಯಲ್ಲಿ, ಪೂರ್ತಿ ಜೋಡಿಸಿಯೇ, ಇಂದಿನ ಅಪಘಾತ ಪರೀಕ್ಷೆಗಳ ವಿನಾಯಿತಿಯೊಂದಿಗೆ ಮಾರಬಹುದು. ಹೆದ್ದಾರಿ ಸುರಕ್ಷತಾ ಇಲಾಖೆ ನಿಯಮ ರೂಪಿಸಲು ತಡಮಾಡಿದಾಗ ಬಿಡಿಭಾಗ ಉದ್ಯಮದ ಸಂಘಟನೆ 2019ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ನಿಯಮ ಜಾರಿಗೆ ಬಂದಾಗ 2022 ಬಂದಿತ್ತು. ಅದರೊಳಗೇ ಒಂದು ಷರತ್ತಿದೆ: ಮೂಲ ತಯಾರಕರಿಂದ ಅಥವಾ ಅವರ ಹಕ್ಕುದಾರರಿಂದ ಪರವಾನಗಿ ಪಡೆದಿರಬೇಕು. ಕಿಟ್ ತರಿಸಿಕೊಂಡು ಮನೆಯ ಗ್ಯಾರೇಜಿನಲ್ಲಿ ರಜಾದಿನಗಳಲ್ಲಿ ಒಂದೊಂದೇ ಬೋಲ್ಟು ಬಿಗಿಯುವವರು ಮಾತ್ರ ಈ ಕಾನೂನಿನ ಹೊರಗೇ ಉಳಿದಿದ್ದಾರೆ.