ಬಂಡಿಯ ಅಚ್ಚಿನಿಂದ ರೇಸ್ ಕಾರಿನವರೆಗೆ

ಎಂಜಿನ್ ಆಯಿಲ್ ಡಬ್ಬಿಯ ಮೇಲೆ ‘20ಡಬ್ಲ್ಯು-50’, ‘5ಡಬ್ಲ್ಯು-40’ ಎಂಬ ಬರಹವನ್ನು ನೀವು ನೋಡಿರುತ್ತೀರಿ. ಈ ಅಂಕಿಗಳ ಹಿಂದೆ ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ಅದರ ಒಂದು ಎಳೆ ನಮ್ಮ ಹೊಲದ ಬದುವಿನಿಂದಲೇ ಹೊರಡುತ್ತದೆ.

ನೀವು ಭಾಲ್ಕಿ ತಾಲ್ಲೂಕಿನ ಮೆಹಕರದವರಾದರೆ, ಎತ್ತಿನ ಬಂಡಿಯ ಅಚ್ಚಿಗೆ ಹಿಂದೆ ಏನು ಹಚ್ಚುತ್ತಿದ್ದರೆಂದು ಮನೆಯ ಹಿರಿಯರನ್ನು ಕೇಳಿ. ಔಡಲೆಣ್ಣೆಯ ಮಾತು ಬಂದೇ ಬರುತ್ತದೆ. ಮೈಸೂರು ಕಡೆಯವರಿಗೆ ಅದೇ ಹರಳೆಣ್ಣೆ. 1956ರವರೆಗೆ ಬೀದರ ಸೇರಿದ್ದ ಹೈದರಾಬಾದ್ ಪ್ರಾಂತ ಔಡಲ ಬೆಳೆಗೆ ಹೆಸರಾಗಿತ್ತು.

ಮೊದಲ ಮಹಾಯುದ್ಧದ (1914-18) ವಿಮಾನಗಳಿಗೂ ಇದೇ ಎಣ್ಣೆ ಬೇಕಾಯಿತು. ಫ್ರಾನ್ಸಿನ ‘ನೋಮ್’ ರೋಟರಿ ಎಂಜಿನ್ನಿನಲ್ಲಿ ಇಂಧನ ಮತ್ತು ಎಣ್ಣೆ ಒಂದೇ ಕಡೆ ಸೇರುತ್ತಿದ್ದವು. ಖನಿಜ ತೈಲ ಪೆಟ್ರೋಲಿನಲ್ಲಿ ಕರಗಿ ತೆಳುವಾಗುತ್ತಿತ್ತು; ಔಡಲೆಣ್ಣೆ ಅಷ್ಟು ಸುಲಭವಾಗಿ ಕರಗುತ್ತಿರಲಿಲ್ಲ. ರೇಸ್ ಕಾರುಗಳೂ ಅದನ್ನು ನೆಚ್ಚಿದವು. 1909ರಲ್ಲಿ ಬಂದ ‘ಕ್ಯಾಸ್ಟ್ರಾಲ್’ ಎಂಬ ಹೆಸರು ಹುಟ್ಟಿದ್ದು ಔಡಲದ ಇಂಗ್ಲಿಷ್ ಹೆಸರಾದ ‘ಕ್ಯಾಸ್ಟರ್’ನಿಂದಲೇ. ಆ ಕಾರುಗಳ ಹೊಗೆಗೊಂದು ವಿಶಿಷ್ಟ ವಾಸನೆಯಿತ್ತು. ಕಿರುತೆರೆಯಲ್ಲಿ ನಾವು ತೋರಿಸಲಾಗದ ಸಂಗತಿ ಅದೊಂದೇ! ಆದರೆ ಔಡಲೆಣ್ಣೆ ಕಾಯುತ್ತ ಹೋದಂತೆ ಅಂಟಾಗುತ್ತಿತ್ತು. ಅದನ್ನು ಮೇಲಿಂದ ಮೇಲೆ ಬದಲಿಸಬೇಕಾಗಿತ್ತು.

ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ‘ದಪ್ಪ’, ‘ತೆಳು’ ಎನ್ನುವ ಅಂದಾಜು ಕಾರ್ಖಾನೆಗಳಿಗೆ ಸಾಲದಾಯಿತು. 1911ರಲ್ಲಿ ಅಮೆರಿಕದ ವಾಹನ ಎಂಜಿನಿಯರುಗಳ ಸಂಘ, ಅಂದರೆ ಎಸ್‌ಎಇ, ಎಣ್ಣೆಗಳಿಗೆ ಸ್ನಿಗ್ಧತೆಯ ದರ್ಜೆ ಗೊತ್ತುಮಾಡಿತು. ಸ್ನಿಗ್ಧತೆಯೆಂದರೆ ದ್ರವವು ತನ್ನ ಹರಿವಿಗೆ ತಾನೇ ಒಡ್ಡುವ ತಡೆ. ಇಂದಿನ ಕ್ರಮದಲ್ಲಿ 40ರ ದರ್ಜೆಯ ಎಣ್ಣೆ 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್‌ನೊಳಗೆ ಇರಬೇಕು. ‘ಡಬ್ಲ್ಯು’ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಎಣ್ಣೆ ಚಳಿಯಲ್ಲಿ ಬೇಗ ಹರಿಯುತ್ತದೆ. ಪಾಲಿಮರ್ ಬೆರೆಸಿ ಈ ಎರಡೂ ಗುಣಗಳನ್ನು ಒಂದೇ ಎಣ್ಣೆಯಲ್ಲಿ ತಂದ ಬಹುದರ್ಜೆ ತೈಲಗಳು 1950ರ ದಶಕದಲ್ಲಿ ಬಳಕೆಗೆ ಬಂದವು.

ಹಾಗಾದರೆ ಸ್ಪೋರ್ಟ್ಸ್ ಕಾರಿಗೆ ಯಾವುದು ಸರಿ? ‘ವೇಗದ ಗಾಡಿಗೆ ದಪ್ಪ ಎಣ್ಣೆಯೇ ಮೇಲು’ ಎಂಬ ಮಾತನ್ನು ನಂಬಬೇಡಿ. ಬೇರಿಂಗಿನೊಳಗೆ ಲೋಹ ಲೋಹಕ್ಕೆ ತಾಗದಂತೆ ತಡೆಯುವುದು ಎಣ್ಣೆಯ ತೆಳ್ಳನೆಯ ಪದರ. ಎಣ್ಣೆ ತೀರ ತೆಳುವಾದರೆ ಕಾದ ಎಂಜಿನ್ನಿನಲ್ಲಿ ಈ ಪದರ ಹರಿದುಹೋಗುತ್ತದೆ. ತೀರ ದಪ್ಪವಾದರೆ ಬೀದರದ ಚಳಿಗಾಲದ ಬೆಳಗ್ಗೆ ಎಂಜಿನ್ ಚಾಲೂ ಮಾಡಿದಾಗ ಎಣ್ಣೆ ಮೇಲಿನ ಭಾಗಗಳಿಗೆ ಏರಲು ತಡವಾಗುತ್ತದೆ; ಆ ಹೊತ್ತಿನಲ್ಲಿ ಲೋಹ ಸವೆಯುತ್ತದೆ. ಜೊತೆಗೆ ಎಣ್ಣೆಯನ್ನು ಕಲಕುವುದರಲ್ಲೇ ಶಕ್ತಿ ವ್ಯರ್ಥವಾಗುತ್ತದೆ.

ಬಿಡಿಭಾಗಗಳ ನಡುವಿನ ಸಂದು ಎಷ್ಟು, ಎಣ್ಣೆ ಎಷ್ಟು ಕಾಯುತ್ತದೆ ಎಂಬುದು ಎಂಜಿನ್ ರೂಪಿಸಿದವರಿಗೆ ಗೊತ್ತು. ಅದಕ್ಕೆ ತಕ್ಕ ದರ್ಜೆಯನ್ನು ಅವರು ಕೈಪಿಡಿಯಲ್ಲಿ ಬರೆದಿರುತ್ತಾರೆ. ಕಾರೇ ಆಗಬೇಕೆಂದಿಲ್ಲ, ಇಂದು ಸಂಜೆ ನಿಮ್ಮ ಮನೆಯ ಮೋಟಾರ್ ಸೈಕಲ್ಲಿನದೋ ಟ್ರ್ಯಾಕ್ಟರಿನದೋ ಕೈಪಿಡಿ ತೆಗೆದು, ಡಬ್ಬಿಯ ಅಂಕಿಯೊಡನೆ ಹೋಲಿಸಿ ನೋಡಿ.